ಅಂಗೈಯಗಲದ ಓಪನ್ ಸೋರ್ಸ್ ಗೇಮಿಂಗ್ ಗಣಕ: ಮುಂಗಡ ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆಗಳು

ಅಂಗೈಯಗಲದ ಪರದೆ, ಅದರ ಇಕ್ಕೆಲಗಳಲ್ಲಿ ಆಟದ ಗುಂಡಿಗಳು, ಕೆಳಗೆ ಹೆಬ್ಬೆರಳಿಗೆ ಸಿಗುವಷ್ಟು ಪುಟ್ಟ ಕೀಲಿಮಣೆ, ಒಳಗೆ ಪೂರ್ಣ ಪ್ರಮಾಣದ ಲಿನಕ್ಸ್, ಅಂದರೆ ಯಾರು ಬೇಕಾದರೂ ಸೋರ್ಸ್ ಕೋಡ್ ನೋಡಿ ಬದಲಿಸಬಹುದಾದ ಕಾರ್ಯಾಚರಣೆ ವ್ಯವಸ್ಥೆ. ಇಂಥದ್ದೊಂದು ಯಂತ್ರ ಸದ್ಯದಲ್ಲೇ ಬರಲಿದೆ, ಈಗ ಕಾಯ್ದಿರಿಸಿದವರಿಗೆ ಮೊದಲ ಕಂತಿನಲ್ಲೇ ಸಿಗಲಿದೆ ಎಂಬ ಪ್ರಕಟಣೆ ಕಂಡರೆ ಮಣಿಪಾಲದ ಹಾಸ್ಟೆಲಿನಲ್ಲೋ ಸುರತ್ಕಲ್ಲಿನ ಬಾಡಿಗೆ ಕೋಣೆಯಲ್ಲೋ ಇರುವ ಉತ್ಸಾಹಿಯ ಕೈ ಕಾರ್ಡಿನ ಕಡೆಗೆ ಹೋಗುವುದು ಸಹಜ. ಬೇಡ ಎನ್ನಲು ಈ ಲೇಖನ ಬರೆಯುತ್ತಿಲ್ಲ. ಇಂಥ ಯಂತ್ರಗಳೆಂದರೆ ನನಗೂ ಆಸೆಯೇ. ಆದರೆ ಇವನ್ನು ತಯಾರಿಸುವವರು ಬಹುಪಾಲು ಸಣ್ಣ ತಂಡದವರು. ಅಚ್ಚು ಮಾಡಿಸಲು, ಚಿಪ್ ಖರೀದಿಸಲು ಅವರಿಗೆ ಗ್ರಾಹಕರ ಮುಂಗಡವೇ ಬಂಡವಾಳ. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸುವ ಖರ್ಚು ನಮ್ಮ ಜೇಬಿನದು. ಹಾಗಾಗಿ ನಾನು ಬೆಲೆ ಕಟ್ಟುವುದು ಪೆಟ್ಟಿಗೆ ತೆರೆದ ದಿನ ಆ ಯಂತ್ರ ಏನು ಮಾಡಬಲ್ಲುದು ಎಂಬುದಕ್ಕೆ ಮಾತ್ರ. ಮುಂದೆ ಬರಲಿದೆ ಎಂದು ಹೇಳಿದ್ದಕ್ಕೆಲ್ಲ ನನ್ನ ಲೆಕ್ಕದಲ್ಲಿ ಸೊನ್ನೆ. ಕೆಳಗಿನ ಪ್ರಶ್ನೆಗಳೆಲ್ಲ ಆ ಲೆಕ್ಕದಿಂದ ಹುಟ್ಟಿದವು.

ಮೊದಲು ಒಂದು ಹಾಳೆ ತೆಗೆದುಕೊಳ್ಳಿ

ಹಾಳೆಯ ನಡುವೆ ಗೆರೆ ಎಳೆಯಿರಿ. ತಯಾರಕರ ಪ್ರಕಟಣೆಯನ್ನು ಸಾಲು ಸಾಲಾಗಿ ಓದುತ್ತ, ಈಗಾಗಲೇ ಕೆಲಸ ಮಾಡುತ್ತಿರುವುದನ್ನು ಎಡಕ್ಕೆ, ಬರಲಿರುವುದನ್ನು ಬಲಕ್ಕೆ ಬರೆಯಿರಿ. ಎಡಕ್ಕೆ ಹೋಗಬೇಕಾದರೆ ಸಾಕ್ಷಿ ಬೇಕು. ಕತ್ತರಿ ಹಾಕದ ವಿಡಿಯೋದಲ್ಲಿ ಯಂತ್ರ ಆನ್ ಆಗಿ, ಆಟ ಶುರುವಾಗಿ, ನಿದ್ರಾಸ್ಥಿತಿಗೆ ಹೋಗಿ, ಮತ್ತೆ ಎಚ್ಚರವಾಗುವುದನ್ನು ತೋರಿಸಿದ್ದಾರೆಯೇ? ವೈಫೈ, ಧ್ವನಿ, ಬ್ಯಾಟರಿಯ ಮಟ್ಟ ತೋರಿಸುವ ಚಿಹ್ನೆ ಎಲ್ಲವೂ ಅದೇ ಯಂತ್ರದಲ್ಲಿ ಒಟ್ಟಿಗೆ ನಡೆಯುತ್ತಿವೆಯೇ? ಕಂಪ್ಯೂಟರಿನಲ್ಲಿ ಬಿಡಿಸಿದ ಹೊಳೆಯುವ ಚಿತ್ರ ಸಾಕ್ಷಿಯಲ್ಲ. ಮೇಜಿನ ಮೇಲೆ ತಂತಿಗಳ ನಡುವೆ ಹರಡಿಕೊಂಡ ಸರ್ಕ್ಯೂಟ್ ಬೋರ್ಡು ಅರ್ಧ ಸಾಕ್ಷಿ.

ಬಲಗಡೆಯ ಪಟ್ಟಿ ಉದ್ದವಾದರೆ ಗಾಬರಿಯಾಗಬೇಕಾಗಿಲ್ಲ. ಆದರೆ ನಿಮಗೆ ಅತ್ಯಗತ್ಯವಾದ ಸಂಗತಿ ಆ ಕಡೆ ಇದ್ದರೆ ಇಲ್ಲಿಗೇ ನಿಲ್ಲಿಸಿ.

ಯಂತ್ರ ಯಾವ ಹಂತದಲ್ಲಿದೆ?

ಈ ಬಗೆಯ ಯಂತ್ರಗಳ ಇತಿಹಾಸದಲ್ಲಿ ಎಲ್ಲರೂ ನೆನೆಯುವ ಹೆಸರು ಓಪನ್‌ಪಂಡೋರಾ. ದಕ್ಷಿಣ ಕೊರಿಯಾದ ಜಿಪಿ32, ಜಿಪಿ2ಎಕ್ಸ್ ಎಂಬ ಆಟದ ಯಂತ್ರಗಳಲ್ಲಿ ಪಳಗಿದ ಬ್ರಿಟನ್, ಜರ್ಮನಿ ಮೊದಲಾದ ದೇಶಗಳ ಹವ್ಯಾಸಿಗಳು ಸೇರಿ ರೂಪಿಸಿದ್ದು ಅದು. ಮುಂಗಡ ಪಡೆಯಲು ಆರಂಭಿಸಿದ್ದು 2008ರ ಸೆಪ್ಟೆಂಬರ್ ಕೊನೆಯಲ್ಲಿ. ಮೊದಲ ಯಂತ್ರಗಳು ಗ್ರಾಹಕರ ಕಡೆಗೆ ಹೊರಟದ್ದು 2010ರ ಮೇ ತಿಂಗಳಿನಲ್ಲಿ. ಹಿಡಿದದ್ದು ಒಂದೂವರೆ ವರ್ಷಕ್ಕೂ ಮೇಲೆ. ಕೆಲವರು ಅದಕ್ಕಿಂತಲೂ ಬಹಳ ಹೆಚ್ಚು ಕಾಲ ಕಾದರು. ಹೊರಕವಚದ ಅಚ್ಚು, ಹೆಬ್ಬೆರಳಿನಿಂದ ಆಡಿಸುವ ಪುಟ್ಟ ನಿಯಂತ್ರಕಗಳು ಮೊದಲಾದವು ತಂಡವನ್ನು ಬಹುಕಾಲ ಕಾಡಿದವು. ಯಂತ್ರದಲ್ಲಿದ್ದದ್ದು 600 ಮೆಗಾಹರ್ಟ್ಸ್ ವೇಗದ ಒಮ್ಯಾಪ್3530 ಚಿಪ್. ಘೋಷಿಸಿದಾಗ ಅದು ಚುರುಕಿನದೇ; ಕೈಗೆ ಬರುವ ಹೊತ್ತಿಗೆ ಒಂದು ಗಿಗಾಹರ್ಟ್ಸ್‌ನ ಮೊಬೈಲುಗಳು ಅಂಗಡಿಯಲ್ಲಿದ್ದವು. ಇಷ್ಟಾದರೂ ಆ ಯಂತ್ರವನ್ನು ಇಂದಿಗೂ ಬಿಡದವರಿದ್ದಾರೆ ಎಂಬುದೂ ಅಷ್ಟೇ ನಿಜ. ಅದರ ಉತ್ತರಾಧಿಕಾರಿ ಪೈರಾಕ್ಕೆ 2016ರಲ್ಲಿ ಮುಂಗಡ ತೆಗೆದುಕೊಂಡರು. ಅಲ್ಲಿಯೂ ಕಾಯುವಿಕೆ ವರ್ಷಗಳ ಲೆಕ್ಕದಲ್ಲೇ ನಡೆಯಿತು.

ತಡ ಮಾಡುವುದು ಸಣ್ಣ ತಂಡಗಳಿಗೆ ಮೀಸಲಾದ ರೋಗವೇನಲ್ಲ. ವಾಲ್ವ್‌ನಂಥ ದೊಡ್ಡ ಸಂಸ್ಥೆಯೂ 2021ರ ಡಿಸೆಂಬರಿಗೆ ಎಂದಿದ್ದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಯಂತ್ರವನ್ನು 2022ರ ಫೆಬ್ರವರಿಗೆ ಮುಂದೂಡಿತು. ವ್ಯತ್ಯಾಸ ಇಷ್ಟೇ: ಆ ಎರಡು ತಿಂಗಳು ಅವರು ಹಿಡಿದುಕೊಂಡಿದ್ದದ್ದು ಗ್ರಾಹಕರ ಐದು ಡಾಲರು ಮಾತ್ರ.

ಹೀಗಾಗಿ 'ಯಾವಾಗ ಬರುತ್ತದೆ' ಎಂದು ಕೇಳುವುದು ವ್ಯರ್ಥ. 'ಪ್ಲಾಸ್ಟಿಕ್ ಅಚ್ಚು ಸಿದ್ಧವಾಗಿದೆಯೇ, ಅದರಿಂದ ತೆಗೆದ ಮೊದಲ ಕವಚಗಳ ಫೋಟೋ ಇದೆಯೇ' ಎಂದು ಕೇಳಿ. ಚಿಪ್ ಮತ್ತು ಪರದೆ ಈಗಾಗಲೇ ಗೋದಾಮಿನಲ್ಲಿವೆಯೇ, ಆರ್ಡರ್ ಮಾತ್ರ ಕೊಟ್ಟಿದ್ದಾರೆಯೇ ಎಂದು ಕೇಳಿ. ಪರದೆಯ ತಯಾರಿಕೆ ನಿಂತುಹೋದರೆ ಅದಕ್ಕೆ ಹೊಂದುವ ಬೇರೊಂದನ್ನು ಹುಡುಕಿ, ಬೋರ್ಡು ಬದಲಿಸಿ, ಅದನ್ನು ನಡೆಸುವ ತಂತ್ರಾಂಶವಾದ ಡ್ರೈವರ್ ಮತ್ತೆ ಬರೆಯಬೇಕಾಗುತ್ತದೆ. ತಿಂಗಳುಗಳು ಕರಗುವುದು ಅಲ್ಲಿಯೇ. ತಂಡದ ಹೊರಗಿನವರ ಕೈಯಲ್ಲಿ ಎಷ್ಟು ಮಾದರಿಗಳಿವೆ ಎಂಬುದನ್ನೂ ಕೇಳಿ.

ಹಣ ಎಲ್ಲಿ ಕುಳಿತಿರುತ್ತದೆ?

ಪೂರ್ತಿ ಹಣವೇ, ಮುಂಗಡವೇ, ಬರೀ ಹೆಸರು ನೋಂದಣಿಯೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಹಣ ವಾಪಸಿನ ಷರತ್ತು ಲಿಖಿತವಾಗಿರಲಿ. 'ಉತ್ಪಾದನೆ ಶುರುವಾದ ಮೇಲೆ ವಾಪಸಿಲ್ಲ' ಎಂದಿದ್ದರೆ ಉತ್ಪಾದನೆ ಶುರುವಾಯಿತೆಂದು ತೀರ್ಮಾನಿಸುವವರು ಯಾರು?

ಪೇಪಾಲ್ ಮೂಲಕ ಕೊಟ್ಟರೆ ತೊಂದರೆಯಿಲ್ಲ ಎಂಬ ನಂಬಿಕೆ ಹಲವರಲ್ಲಿದೆ. ಸರಕು ಬಂದಿಲ್ಲವೆಂದು ಅಲ್ಲಿ ದೂರಬಹುದಾದ ಅವಧಿ ಹಣ ಕೊಟ್ಟ ದಿನದಿಂದ 180 ದಿನ. ಪಂಡೋರಾದಂಥ ಕಾಯುವಿಕೆಯಲ್ಲಿ ಅದು ಮೊದಲ ಮಳೆಗಾಲಕ್ಕೇ ಮುಗಿದಿರುತ್ತದೆ. ಕ್ರೆಡಿಟ್ ಕಾರ್ಡಿನ ವಹಿವಾಟನ್ನು ಪ್ರಶ್ನಿಸುವುದಕ್ಕೂ ಗಡುವಿದೆ. ಬ್ಯಾಂಕಿನಲ್ಲಿ ಮೊದಲೇ ವಿಚಾರಿಸಿ. ವಿದೇಶಿ ವಹಿವಾಟಿನ ಸೌಲಭ್ಯವನ್ನು ಕಾರ್ಡಿನಲ್ಲಿ ನೀವೇ ಚಾಲೂ ಮಾಡಬೇಕಾಗುತ್ತದೆ. 2020ರ ನಂತರ ಕೊಡುವ ಕಾರ್ಡುಗಳು ಮೂಲದಲ್ಲಿ ದೇಶದೊಳಗಿನ ಬಳಕೆಗೆ ಮಾತ್ರ ತೆರೆದಿರುತ್ತವೆ.

ಮನೆಯಲ್ಲಿ ಫೀಸು, ಬಾಡಿಗೆಯ ಒತ್ತಡವಿದ್ದಾಗ ಈ ಹಣ ಕೊಡಬೇಡಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಶಂಕರಪುರ ಮಲ್ಲಿಗೆ ಬೆಳೆಯುವ ಉಡುಪಿ ಜಿಲ್ಲೆಯವರಿಗೆ ಬೇರೆ ವಿವರಿಸಬೇಕಾಗಿಲ್ಲ.

ಓಪನ್ ಎಂದರೆ ಎಷ್ಟು ಓಪನ್?

ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ, ಆದರೆ ಜನ ಅತಿ ಕಡಿಮೆ ಕೇಳುವುದೂ ಇದನ್ನೇ. 'ಲಿನಕ್ಸ್ ಇದೆ' ಎಂದ ಮಾತ್ರಕ್ಕೆ ಯಂತ್ರ ಮುಕ್ತವಾಗುವುದಿಲ್ಲ. ನಿಮ್ಮ ಮನೆಯ ಟಿವಿಯೊಳಗೂ ಲಿನಕ್ಸ್ ಇರಬಹುದು.

ಪದರ ಪದರವಾಗಿ ಕೇಳಿ. ಮೊದಲನೆಯದು ಯಂತ್ರ ಆನ್ ಆದಾಗ ವ್ಯವಸ್ಥೆಯನ್ನು ಎಬ್ಬಿಸುವ ಬೂಟ್‌ಲೋಡರ್: ನಾನೇ ಸಿದ್ಧಪಡಿಸಿದ ವ್ಯವಸ್ಥೆಯನ್ನು ಮೆಮೊರಿ ಕಾರ್ಡಿನಿಂದ ಚಾಲೂ ಮಾಡಬಹುದೇ, ಬೀಗ ಹಾಕಿದ್ದಾರೆಯೇ? ಎರಡನೆಯದು ವ್ಯವಸ್ಥೆಯ ತಿರುಳಾದ ಕರ್ನಲ್. ಲಿನಕ್ಸ್ ಕರ್ನಲ್‌ನ ಪರವಾನಗಿ ಜಿಪಿಎಲ್ ಎರಡನೇ ಆವೃತ್ತಿ. ಅದನ್ನು ಹಾಕಿ ಯಂತ್ರ ಹಂಚಿದವರು ತಾವು ಮಾಡಿದ ಬದಲಾವಣೆಗಳ ಸೋರ್ಸ್ ಕೋಡನ್ನೂ ಕೊಡಲು ಬದ್ಧರು. ಕಾನೂನಿನ ಪ್ರಕಾರ ಆ ಹಕ್ಕು ನಿಮಗೆ ಬರುವುದು ಯಂತ್ರ ಕೈಸೇರಿದ ಮೇಲೆ. ಆದರೆ ಪ್ರಾಮಾಣಿಕ ತಂಡ ಅದನ್ನು ಮೊದಲೇ ತೆರೆದಿಟ್ಟಿರುತ್ತದೆ. 'ಬಿಡುಗಡೆಯ ನಂತರ ಪ್ರಕಟಿಸುತ್ತೇವೆ' ಎಂಬ ಉತ್ತರ ಬಂದರೆ ಅದನ್ನು ಹಾಳೆಯ ಬಲಗಡೆಗೆ ಬರೆಯಿರಿ.

ಕರ್ನಲ್ ಯಾವ ಆವೃತ್ತಿಯದು ಎಂಬುದನ್ನೂ ಬಿಡಬೇಡಿ. ರಾಕ್‌ಚಿಪ್ ಆರ್‌ಕೆ3326 ಚಿಪ್ ಇದ್ದ ಹಲವು ಆಟದ ಯಂತ್ರಗಳು 4.4ನೇ ಕರ್ನಲ್ ಹೊತ್ತು ಬಂದವು. ಆ ಕರ್ನಲ್ ಹೊರಬಂದದ್ದು 2016ರ ಜನವರಿಯಲ್ಲಿ, ಅದಕ್ಕೆ ಅಧಿಕೃತ ದುರಸ್ತಿ ನಿಂತದ್ದು 2022ರಲ್ಲಿ. ಚಿಪ್ ತಯಾರಕ ಕೊಟ್ಟ ಹಳೆಯ ಕರ್ನಲ್ ಮೇಲಷ್ಟೇ ಯಂತ್ರ ನಡೆಯುವುದಾದರೆ ನಾಳೆ ಹೊಸ ತಂತ್ರಾಂಶ ಹಾಕಲು ಹೊರಟವರು ಒಬ್ಬಂಟಿಯಾಗುತ್ತಾರೆ. ಮೂಲ ಕರ್ನಲ್‌ಗೇ ಯಂತ್ರದ ಬೆಂಬಲ ಸೇರಿದ್ದರೆ ತಯಾರಕರು ಅಂಗಡಿ ಮುಚ್ಚಿದರೂ ಬದುಕು ಸಾಗುತ್ತದೆ.

ಮೂರನೆಯದು ಗ್ರಾಫಿಕ್ಸ್ ಡ್ರೈವರ್. ಕಲ್ಲು ಸಿಕ್ಕುವುದು ಹೆಚ್ಚಾಗಿ ಇಲ್ಲೇ. ಪಂಡೋರಾದ ಪವರ್‌ವಿಆರ್ ಗ್ರಾಫಿಕ್ಸ್‌ಗೆ ಮುಚ್ಚಿದ ಡ್ರೈವರ್ ಬೇಕಾಗಿತ್ತು. ಉಳಿದೆಲ್ಲ ತೆರೆದಿದ್ದರೂ ಆ ಒಂದು ತುಂಡಿನ ಮುಂದೆ ಹವ್ಯಾಸಿಗಳು ಕೈಕಟ್ಟಿ ನಿಲ್ಲಬೇಕಾಯಿತು. ಮಾಲಿ ಗ್ರಾಫಿಕ್ಸ್ ಇರುವ ಚಿಪ್ಪುಗಳಲ್ಲಿ ಪರಿಸ್ಥಿತಿ ವಾಸಿ: ಲೀಮಾ ಮತ್ತು ಪ್ಯಾನ್‌ಫ್ರಾಸ್ಟ್ ಎಂಬ ಮುಕ್ತ ಡ್ರೈವರುಗಳು 2019ರಲ್ಲಿ 5.2ನೇ ಕರ್ನಲ್‌ಗೆ ಸೇರಿದವು. ಆದ್ದರಿಂದ ಯಾವ ಚಿಪ್, ಅದರಲ್ಲಿ ಯಾವ ಗ್ರಾಫಿಕ್ಸ್, ಯಾವ ಡ್ರೈವರ್ ಎಂದು ಹೆಸರು ಹಿಡಿದೇ ಕೇಳಿ.

ಕೊನೆಗೆ ಬೋರ್ಡಿನ ನಕ್ಷೆ, ಕವಚದ ಮುದ್ರಣ ಕಡತಗಳು. ಇವು ಸಿಗದಿದ್ದರೂ ಯಂತ್ರ ಕೊಳ್ಳಬಹುದು. ಸಿಕ್ಕರೆ ಊರಿನ ಯಾವುದಾದರೂ 3ಡಿ ಮುದ್ರಣದವರಲ್ಲಿ ಮುರಿದ ಮುಚ್ಚಳ ಮಾಡಿಸಿಕೊಳ್ಳಬಹುದು.

ಯಾರಿಗಾಗಿ ಮಾಡಿದ ಯಂತ್ರ?

ಆರಂಭಿಕ ಆವೃತ್ತಿಗಳಲ್ಲಿ ಎರಡು ಜಾತಿ. ಒಂದು, 'ಇದು ಅಭಿವೃದ್ಧಿ ಮಾಡುವವರಿಗೆ ಮಾತ್ರ' ಎಂದು ನೇರವಾಗಿ ಹೇಳುವುದು. ಪೈನ್‌ಫೋನ್ ಎಂಬ ಲಿನಕ್ಸ್ ಮೊಬೈಲಿನ ಮೊದಲ 'ಬ್ರೇವ್‌ಹಾರ್ಟ್' ಆವೃತ್ತಿ 2020ರ ಜನವರಿಯಲ್ಲಿ ಹೊರಟಾಗ ಅದರಲ್ಲಿದ್ದದ್ದು ಪರೀಕ್ಷೆಗೆಂದು ಹಾಕಿದ ತಂತ್ರಾಂಶವಷ್ಟೇ; ಬಳಸುವ ವ್ಯವಸ್ಥೆಯನ್ನು ಕೊಂಡವರೇ ಹಾಕಿಕೊಳ್ಳಬೇಕಿತ್ತು. ಅದು ಆಟದ ಯಂತ್ರವಲ್ಲದಿದ್ದರೂ ಆ ನೇರ ಮಾತನ್ನು ನಾನು ಮೆಚ್ಚುತ್ತೇನೆ. ಇನ್ನೊಂದು, ಜಾಹೀರಾತಿನಲ್ಲಿ ಎಲ್ಲರಿಗೂ ಎಂದು ಹೇಳಿ, ಒಳಗೆ ಅಭಿವೃದ್ಧಿಗಾರರ ತಾಳ್ಮೆ ಬೇಡುವುದು. ಈ ಎರಡನೆಯದರಿಂದ ದೂರವಿರಿ.

ನಿಮ್ಮ ತಾಳ್ಮೆಯನ್ನು ಮನೆಯಲ್ಲೇ ಅಳೆದು ನೋಡಬಹುದು. ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ ಎಂಬ ಲಿನಕ್ಸ್ ಹಾಕಿ, ಮೌಸ್ ಮುಟ್ಟದೆ ಒಂದು ವಾರ ಬಳಸಿ. ವೆಸ್ನಾತ್, ಸೂಪರ್‌ಟಕ್ಸ್ ಆಡಿ. ಫ್ರೀಡೂಮ್ ಎಂಬ ಆಟವನ್ನು ಸೋರ್ಸ್ ಕೋಡಿನಿಂದ ಕಟ್ಟಿ ನೋಡಿ. ಕೈಗಣಕಗಳಲ್ಲಿ ಹೆಚ್ಚಿನವು ಮೊಬೈಲುಗಳಲ್ಲಿರುವಂಥ ಆರ್ಮ್ ಚಿಪ್ಪಿನವು. ಸಾಮಾನ್ಯ ಕಂಪ್ಯೂಟರಿಗೆಂದು ಕೊಂಡ ಆಟ ಅವುಗಳಲ್ಲಿ ನೇರವಾಗಿ ಓಡುವುದಿಲ್ಲ. ಬಾಕ್ಸ್64ನಂಥ ಭಾಷಾಂತರ ಪದರ ಬೇಕು, ಅದಕ್ಕೆ ವೇಗದ ತೆರಿಗೆ ಕಟ್ಟಬೇಕು. ಹಳೆಯ ಆಟದ ಯಂತ್ರಗಳನ್ನು ಅನುಕರಿಸುವ ಎಮ್ಯುಲೇಟರ್ ತಂತ್ರಾಂಶ ಇಟ್ಟುಕೊಳ್ಳುವುದು ಅಪರಾಧವಲ್ಲ; ಕೊಳ್ಳದ ಆಟದ ಪ್ರತಿಯನ್ನು ಎಲ್ಲಿಂದಲೋ ಇಳಿಸಿಕೊಳ್ಳುವುದು ಬೇರೆಯೇ ವಿಷಯ.

ಕನ್ನಡದ ಬಗ್ಗೆಯೂ ಒಂದು ಮಾತು. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳು ಸಿಗುತ್ತವೆ, ಕಗಪ ಕೀಲಿ ವಿನ್ಯಾಸವೂ ಇದೆ. ಆದರೆ ಆಜ್ಞೆ ಟೈಪಿಸುವ ಅನೇಕ ಟರ್ಮಿನಲ್ ಕಿಟಕಿಗಳಲ್ಲಿ ಒತ್ತಕ್ಷರ ಮುರಿದು ಬೀಳುತ್ತದೆ. ಸಣ್ಣ ಪರದೆಯಲ್ಲಿ 'ಕ್ಷ್ಮ' ಓದಲಾಗುತ್ತದೆಯೇ ಎಂದು ಒಂದು ಫೋಟೋ ಕೇಳಿ. ಒಳ್ಳೆಯ ತಂಡವಾದರೆ ಕಳುಹಿಸುತ್ತದೆ.

ಬಜ್ಪೆ ವಿಮಾನ ನಿಲ್ದಾಣದವರೆಗಿನ ದಾರಿ

ಕೊರಿಯರ್‌ನಲ್ಲಿ ಬಂದರೆ ಸುಂಕದ ಲೆಕ್ಕ ಯಂತ್ರದ ಬೆಲೆಯ ಮೇಲಷ್ಟೇ ಬೀಳುವುದಿಲ್ಲ. ಬೆಲೆ, ಸಾಗಣೆ, ವಿಮೆ ಮೂರನ್ನೂ ಕೂಡಿಸಿ ಅದರ ಮೇಲೆ ಸುಂಕ. ಸುಂಕ ಸೇರಿದ ಮೊತ್ತದ ಮೇಲೆ ಐಜಿಎಸ್‌ಟಿ. ಕೊನೆಗೆ ಕೊರಿಯರ್‌ನವರ ಸೇವಾಶುಲ್ಕ. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವುದರಿಂದ ಹಣ ಕಟ್ಟುವ ವಾರವೇ ಕೊರಿಯರ್ ಕಂಪನಿಯಲ್ಲಿ ಅಂದಾಜು ಕೇಳಿ. ಆಧಾರ್, ಪ್ಯಾನ್ ಮುಂತಾದ ಗುರುತಿನ ದಾಖಲೆಯನ್ನು ಅವರು ಕೇಳುತ್ತಾರೆ. ಪೆಟ್ಟಿಗೆಯ ಮೇಲಿನ ಹೆಸರು ದಾಖಲೆಯಲ್ಲಿರುವಂತೆಯೇ ಇರಲಿ. ಮನೆಯಲ್ಲಿ ಕರೆಯುವ ಹೆಸರಿನಲ್ಲಿ ಆರ್ಡರ್ ಮಾಡಿ ಪೇಚಾಡಬೇಡಿ.

'ಉಡುಗೊರೆ ಎಂದು ಬರೆಸಿದರೆ ಸುಂಕವಿಲ್ಲ' ಎಂಬ ಹಳೆಯ ಉಪಾಯವನ್ನು ಈಗಲೂ ಹೇಳಿಕೊಡುವವರಿದ್ದಾರೆ. ಆ ವಿನಾಯಿತಿಯನ್ನು 2019ರ ಡಿಸೆಂಬರಿನಲ್ಲೇ ತೆಗೆಯಲಾಗಿದೆ. ಬೆಲೆ ಕಡಿಮೆ ಬರೆಸುವುದೂ ಬೇಡ. ಪೆಟ್ಟಿಗೆ ಕಳೆದರೆ ವಿಮೆ ಸಿಗುವುದು ಬರೆದ ಬೆಲೆಗೇ.

ಮಾರುವವರು ಸರಕುಪಟ್ಟಿಯಲ್ಲಿ ಇದನ್ನು ಏನೆಂದು ಬರೆಯುತ್ತಾರೆ ಎಂದು ಕೇಳಿ. ಗಣಕವೇ, ವಿಡಿಯೋ ಗೇಮೇ? ಎರಡಕ್ಕೂ ನಿಯಮ ಬೇರೆ. 2023ರ ಆಗಸ್ಟ್ 3ರ ಅಧಿಸೂಚನೆಯ ಪ್ರಕಾರ ಲ್ಯಾಪ್‌ಟಾಪ್, ಟ್ಯಾಬ್ಲೆಟ್, ಅತಿ ಸಣ್ಣ ಗಾತ್ರದ ಗಣಕಗಳ ಆಮದಿಗೆ ಪರವಾನಗಿ ಬೇಕು. ಅಂಚೆ ಅಥವಾ ಕೊರಿಯರ್ ಮೂಲಕ ತರಿಸುವ ಒಂದಕ್ಕೆ ಮಾತ್ರ, ಸುಂಕ ಕಟ್ಟಿದರೆ, ವಿನಾಯಿತಿ. ಒಂದು ಎಂದರೆ ಒಂದೇ. ಸಾಗಣೆ ವೆಚ್ಚ ಉಳಿಸಲು ಗೆಳೆಯನದ್ದನ್ನೂ ಸೇರಿಸಿ ಒಂದೇ ಪೆಟ್ಟಿಗೆಯಲ್ಲಿ ತರಿಸುವ ಬುದ್ಧಿವಂತಿಕೆ ಇಲ್ಲಿ ತಿರುಗುಬಾಣವಾಗುತ್ತದೆ. ಭಾರತಕ್ಕೆ ಈ ಹಿಂದೆ ಕಳುಹಿಸಿದ್ದಾರೆಯೇ, ಯಾವ ಕೊರಿಯರ್‌ನಲ್ಲಿ, ವೈಫೈಗೆ ಸಂಬಂಧಿಸಿದ ಕಾಗದ ಯಾರಾದರೂ ಕೇಳಿದ್ದರೇ ಎಂಬುದನ್ನೂ ತಿಳಿದುಕೊಳ್ಳಿ.

ಕರಾವಳಿಯವರಿಗೆ ಇನ್ನೊಂದು ದಾರಿ ಎಂದೂ ಇದ್ದೇ ಇದೆ: ದುಬೈಯಲ್ಲೋ ಅಬುಧಾಬಿಯಲ್ಲೋ ಇರುವ ಅಣ್ಣ, ಮಾವ. ಅಲ್ಲಿನ ವಿಳಾಸಕ್ಕೆ ತರಿಸಿ, ರಜೆಗೆ ಬರುವಾಗ ಬಜ್ಪೆಯಲ್ಲಿ ಇಳಿಸಿಕೊಳ್ಳುವುದು. ಹೀಗೆ ಮಾಡುವುದಾದರೆ ಅವರು ಪೆಟ್ಟಿಗೆಯನ್ನು ಅಲ್ಲಿಯೇ ತೆರೆದು ಪರೀಕ್ಷಿಸಲಿ. ಕೆಟ್ಟದ್ದಿದ್ದರೆ ಅಲ್ಲಿಂದಲೇ ಮರಳಿಸುವುದು ಸುಲಭ. ಸುಟ್ಟ ಗೋಡಂಬಿಯ ನಡುವೆ ತುರುಕಿ ಚೆಕ್-ಇನ್ ಸೂಟ್‌ಕೇಸಿಗೆ ಹಾಕದಿರುವುದೇ ಒಳ್ಳೆಯದು: ಜೊತೆಗೆ ಬಿಡಿ ಲಿಥಿಯಂ ಬ್ಯಾಟರಿಗಳಿದ್ದರೆ ಅವನ್ನಂತೂ ಕೈಚೀಲದಲ್ಲೇ ಒಯ್ಯಬೇಕೆಂಬುದು ವಿಮಾನಯಾನದ ನಿಯಮ. ಬರುವ ಪ್ರಯಾಣಿಕರಿಗೆ ಒಂದು ಲ್ಯಾಪ್‌ಟಾಪಿಗೆ ಪ್ರತ್ಯೇಕ ವಿನಾಯಿತಿ ಇದೆ, ಆದರೆ ಅಂಗೈಗಣಕವನ್ನು ಲ್ಯಾಪ್‌ಟಾಪ್ ಎಂದು ಅಧಿಕಾರಿ ಒಪ್ಪಲೇಬೇಕೆಂದಿಲ್ಲ. ಬಿಲ್ಲು ಅವರ ಜೇಬಿನಲ್ಲಿರಲಿ.

ಜೂನ್ ತಿಂಗಳಿಗೆ ತಡೆಯುತ್ತದೆಯೇ?

ಹ್ಯಾಂಬರ್ಗಿನಲ್ಲೋ ಶೆನ್‌ಝೆನ್‌ನಲ್ಲೋ ಕುಳಿತು ಯಂತ್ರ ರೂಪಿಸಿದವರಿಗೆ ಮಲ್ಪೆಯ ಗಾಳಿ ಗೊತ್ತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀರುವಿನೊಳಗಿನ ಚರ್ಮದ ಬೆಲ್ಟಿಗೆ ಬೂಷ್ಟು ಬರುವ ಊರು ನಮ್ಮದು. ಇಲ್ಲಿ ಮೊದಲು ಸೋಲುವುದು ರಬ್ಬರಿನಂಥ ಮೆತ್ತನೆಯ ಲೇಪನ. ತೇವಕ್ಕೆ ಅದು ನಿಧಾನವಾಗಿ ಒಡೆದು, ಎರಡು ಮೂರು ಮಳೆಗಾಲದಲ್ಲಿ ಹಲಸಿನ ಮೇಣದಂತೆ ಬೆರಳಿಗೆ ಅಂಟಿಕೊಳ್ಳುತ್ತದೆ. ಕವಚ ಬರೀ ಪ್ಲಾಸ್ಟಿಕ್ಕೇ, ಲೇಪನ ಇದೆಯೇ ಎಂದು ಕೇಳಿ. ಲೇಪನವಿಲ್ಲದ್ದೇ ನಮಗೆ ಒಳ್ಳೆಯದು. ಅನಲಾಗ್ ಕಡ್ಡಿಗಳು ಉಜ್ಜುವ ಬಗೆಯವೋ, ಅಯಸ್ಕಾಂತ ಬಳಸುವ ಹಾಲ್ ಸಂವೇದಕದ ಬಗೆಯವೋ ಎಂಬುದೂ ಮುಖ್ಯ. ಎರಡನೆಯದರಲ್ಲಿ ಸವೆಯುವ ಸಂಪರ್ಕವೇ ಇಲ್ಲ.

ಬ್ಯಾಟರಿ ಎಂಥದು? 18650 ಎಂಬ ದುಂಡನೆಯ ಸೆಲ್ ಬಳಸುವುದಾದರೆ ಎಲ್ಲಿಯೂ ಸಿಗುತ್ತದೆ. ಅಂಥ ಯಂತ್ರಗಳನ್ನು ಬ್ಯಾಟರಿ ಇಲ್ಲದೆಯೇ ಕಳುಹಿಸುವುದೂ ಉಂಟು, ಆರ್ಡರ್ ಮಾಡುವಾಗ ನೋಡಿಕೊಳ್ಳಿ. ಚಪ್ಪಟೆ ಚೀಲದಂಥ ಬ್ಯಾಟರಿಯಾದರೆ ಅದರ ಮೇಲಿನ ಅಂಕಿಗಳ ಫೋಟೋ ತರಿಸಿಕೊಳ್ಳಿ. 606090 ಎಂದಿದ್ದರೆ ದಪ್ಪ 6 ಮಿಲಿಮೀಟರ್, ಅಗಲ 60, ಉದ್ದ 90. ಈ ಅಳತೆ ಹಿಡಿದು ಮಂಗಳೂರಿನ ಹಂಪನಕಟ್ಟೆಯ ಮೊಬೈಲ್ ದುರಸ್ತಿಯವರಲ್ಲಿ ವಿಚಾರಿಸಬಹುದು. ಕನೆಕ್ಟರ್ ಹೊಂದಿತು ಎಂದ ಮಾತ್ರಕ್ಕೆ ಸಿಕ್ಕಿಸಬೇಡಿ: ಕೆಂಪು, ಕಪ್ಪು ತಂತಿಗಳ ಸ್ಥಾನ ತಯಾರಕರಿಂದ ತಯಾರಕರಿಗೆ ಅದಲುಬದಲಾಗುತ್ತದೆ. ಮಲ್ಟಿಮೀಟರಿನಿಂದ ಅಳೆದ ಮೇಲೆಯೇ ಜೋಡಿಸಿ.

ಏಪ್ರಿಲ್-ಮೇಯ ಮತ್ತು ಅಕ್ಟೋಬರಿನ ಸಿಡಿಲಿನ ಸಂಜೆಗಳಲ್ಲಿ ಚಾರ್ಜಿಗೆ ಹಾಕಬೇಡಿ. ಟಿವಿಯ ಪ್ಲಗ್ ಕಿತ್ತಿಡುವ ಅಮ್ಮನ ಶಿಸ್ತು ಇದಕ್ಕೂ ಅನ್ವಯಿಸುತ್ತದೆ. ಬಳಸದಾಗ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅಕ್ಕಿಯ ಡಬ್ಬಿ ಬೇಡ, ಕುಚ್ಚಲಕ್ಕಿಯಾದರೂ ಅಷ್ಟೇ. ಅದರ ಹೊಟ್ಟು, ಧೂಳು ಗುಂಡಿಗಳ ಸಂದಿಗೆ ಸೇರುತ್ತದೆ.

ವಾರಂಟಿಯ ಕತೆ ಚಿಕ್ಕದು. ಎಷ್ಟು ದಿನ, ಮರಳಿಸುವ ಸಾಗಣೆ ಖರ್ಚು ಯಾರದು, ಬಿಡಿಭಾಗ ಮಾತ್ರ ಕಳುಹಿಸಿ ನಾವೇ ಹಾಕಿಕೊಳ್ಳಲು ಬಿಡುತ್ತಾರೆಯೇ? ಕೊನೆಯದಕ್ಕೆ ಹೌದು ಎಂದರೆ ಅದೇ ಅತ್ಯುತ್ತಮ ವಾರಂಟಿ. ಊದಿಕೊಂಡ ಬ್ಯಾಟರಿಯನ್ನು ವಿಮಾನದಲ್ಲಿ ಕಳುಹಿಸುವಂತೆಯೇ ಇಲ್ಲ. ದುರಸ್ತಿಗೆ ಕಳುಹಿಸುವುದಾದರೆ ಕಾಗದದಲ್ಲಿ ಹಾಗೆಂದು ದಾಖಲಿಸಿ, ಇಲ್ಲದಿದ್ದರೆ ಮರಳುವಾಗ ಮತ್ತೆ ಪೂರ್ತಿ ಸುಂಕ ಬಿದ್ದೀತು.

ಅಂಗಡಿ ಮುಚ್ಚಿದರೆ?

ಪಾಕೆಟ್‌ಚಿಪ್ ಎಂಬ ಪುಟ್ಟ ಗಣಕ ತಯಾರಿಸುತ್ತಿದ್ದ ನೆಕ್ಸ್ಟ್ ಥಿಂಗ್ ಕಂಪನಿ 2018ರಲ್ಲಿ ಮುಚ್ಚಿತು. ಅದರ ವ್ಯವಸ್ಥೆಯನ್ನು ಹೊಸದಾಗಿ ಹಾಕಲು ಕಂಪನಿಯದೇ ಸರ್ವರುಗಳು ಬೇಕಿದ್ದವು. ಬಳಕೆದಾರರು ಕಡತಗಳನ್ನು ನಕಲು ಮಾಡಿ ಉಳಿಸಿಕೊಂಡಿದ್ದರಿಂದ ಯಂತ್ರಗಳು ಬದುಕಿದವು. ಆದ್ದರಿಂದ ಹಣ ಕಟ್ಟುವ ಮೊದಲೇ ಪೂರ್ತಿ ವ್ಯವಸ್ಥೆಯ ಕಡತ ಇಳಿಸಿಕೊಳ್ಳಲು ಸಿಗುತ್ತದೆಯೇ ನೋಡಿ, ಸಿಕ್ಕರೆ ಇಳಿಸಿಟ್ಟುಕೊಳ್ಳಿ.

ಇಷ್ಟನ್ನೂ ಒಂದೇ ಪತ್ರದಲ್ಲಿ ಸುರಿದರೆ ಯಾರೂ ಉತ್ತರಿಸುವುದಿಲ್ಲ. ನಿಮ್ಮ ಹಾಳೆ ನೋಡಿ, ಉತ್ತರ ಸಿಗದೆ ಉಳಿದ ಐದು ಪ್ರಶ್ನೆಗಳನ್ನು ಮಾತ್ರ ಆರಿಸಿ ಬರೆಯಿರಿ. 'ನಿದ್ರಾಸ್ಥಿತಿ ಇನ್ನೂ ಸರಿಯಿಲ್ಲ, ರಾತ್ರಿಯಿಡೀ ಬಿಟ್ಟರೆ ಬ್ಯಾಟರಿ ಅರ್ಧ ಇಳಿಯುತ್ತದೆ' ಎಂಬಂಥ ಉತ್ತರ ಬಂದರೆ ನಾನು ಆ ತಂಡವನ್ನು ಹೆಚ್ಚು ನಂಬುತ್ತೇನೆ. 'ಎಲ್ಲವೂ ಅದ್ಭುತವಾಗಿದೆ' ಎಂದರೆ ಅನುಮಾನಿಸುತ್ತೇನೆ.

ಪೆಟ್ಟಿಗೆ ಬಂದ ದಿನ

ಒಡೆಯುವುದನ್ನು ವಿಡಿಯೋ ಮಾಡಿ, ವಿಳಾಸದ ಚೀಟಿಯೂ ಕಾಣುವಂತೆ. ಸಾಧ್ಯವಾದರೆ ಆಟ ಆಡುವ ಮೊದಲು ಮೂಲ ವ್ಯವಸ್ಥೆಯ ಪ್ರತಿ ತೆಗೆದಿಡಿ. ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿ, ತದ್ರೂಪಿ ಪ್ರತಿ ತೆಗೆಯುವ ಡಿಡಿ ಎಂಬ ಲಿನಕ್ಸ್ ಆಜ್ಞೆ ಕೊಟ್ಟರೆ ಸಾಕು. ಜೊತೆಗೆ ಬಂದ ಮೆಮೊರಿ ಕಾರ್ಡಿನಲ್ಲಿ ಮುಖ್ಯವಾದದ್ದನ್ನು ಇಡಬೇಡಿ; ಒಳ್ಳೆಯ ಕಾರ್ಡ್ ಕೊಂಡು, ಅದು ನಕಲಿಯಲ್ಲವೆಂದು ಎಫ್3 ತಂತ್ರಾಂಶದಿಂದ ಪರೀಕ್ಷಿಸಿಕೊಳ್ಳಿ. ಬಿಳಿ, ಕಪ್ಪು, ಕೆಂಪು ಪರದೆ ಹಾಕಿ ಸತ್ತ ಬಿಂದುಗಳನ್ನು ಹುಡುಕಿ. ಇವಿಟೆಸ್ಟ್ ಎಂಬ ತಂತ್ರಾಂಶ ಚಾಲೂ ಮಾಡಿ ಪ್ರತಿ ಗುಂಡಿಯನ್ನೂ, ಮೂಲೆಯ ಭುಜದ ಗುಂಡಿಗಳನ್ನೂ ಒತ್ತಿ ನೋಡಿ. ಯುಎಸ್‌ಬಿ ಸಿ ಕಿಂಡಿಯಿದ್ದರೆ 'ಎ'ಯಿಂದ 'ಸಿ', 'ಸಿ'ಯಿಂದ 'ಸಿ' ಎಂಬ ಎರಡು ಬಗೆಯ ಕೇಬಲ್‌ನಲ್ಲೂ ಚಾರ್ಜ್ ಆಗುತ್ತದೆಯೇ ಪರೀಕ್ಷಿಸಿ. 2019ರಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಗಣಕ ಸಹ ಕೆಲವು ಸಿ ಕೇಬಲ್‌ಗಳನ್ನು ಒಪ್ಪದೆ ಎಡವಿತ್ತು. ಮಲಗುವ ಮುನ್ನ ಬ್ಯಾಟರಿಯ ಮಟ್ಟ ಬರೆದಿಟ್ಟು ನಿದ್ರಾಸ್ಥಿತಿಗೆ ಹಾಕಿ, ಬೆಳಗ್ಗೆ ಮತ್ತೆ ನೋಡಿ. ಕಂಡ ದೋಷಗಳನ್ನೆಲ್ಲ ಒಂದೇ ಪತ್ರದಲ್ಲಿ, ವಿಡಿಯೋ ಸಹಿತ, ವಾರಂಟಿಯ ದಿನಗಳು ಮುಗಿಯುವ ಮೊದಲೇ ಕಳುಹಿಸಿ.